ಮುರಿದ ಕಾಲು, ಊರುಗೋಲು ಮತ್ತು ವಿಮಾನ ಪ್ರಯಾಣ



ಈ ಪತ್ರಿಕೆಯಲ್ಲಿ ಕೊಳೆರೋಗ, ಬಿಳಿಕಾಂಡ ಕೊರಕ, ಸುಣ್ಣ-ಮೈಲುತುತ್ತಿನ ಪ್ರಮಾಣ, ಪೇಟೆಯ ಧಾರಣೆ ಮುಂತಾದ ವಿಷಯಗಳನ್ನು ಕುರಿತು ಬರೆಯುವುದು ನಮ್ಮ ವಾಡಿಕೆ. ಈ ಸಲ ಅವನ್ನು ಬದಿಗಿಟ್ಟು, ಕಾಲು ಮುರಿದುಕೊಂಡವರು ವಿಮಾನದಲ್ಲಿ ಹೋಗಬೇಕಾಗಿ ಬಂದರೆ ಏನು ಮಾಡಬೇಕು ಎಂಬುದನ್ನು ಬರೆಯಲು ಹೊರಟಿದ್ದೇವೆ. ತೋಟಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವಿದೆ. ಅಡಿಕೆ ಮರದಿಂದ ಬಿದ್ದವರು, ಕಾಫಿ ಇಳಿಜಾರಿನಲ್ಲಿ ಜಾರಿದವರು, ಮರಗಸಿ ಮಾಡಿಸುವಾಗ ಕೊಂಬೆ ಬಡಿದು ಮೊಣಕಾಲು ಕೆಡಿಸಿಕೊಂಡವರು ಇಲ್ಲದ ಊರು ನಮ್ಮ ಸಂಘದ ವ್ಯಾಪ್ತಿಯಲ್ಲಿ ಇಲ್ಲ. ಹಾಗೆಯೇ ಮಕ್ಕಳೋ ಒಡಹುಟ್ಟಿದವರೋ ಬೆಂಗಳೂರು, ಪುಣೆ, ದೆಹಲಿ, ಅಮೆರಿಕ ಎಂದು ದೂರದಲ್ಲಿ ನೆಲೆಸಿರದ ಮನೆಯೂ ಈಗ ಅಪರೂಪ. ಇವೆರಡೂ ಒಂದೇ ಮನೆಯಲ್ಲಿ ಕೂಡಿದ ದಿನ ಊರುಗೋಲು ಹಿಡಿದು ವಿಮಾನದ ಮೆಟ್ಟಿಲ ಬುಡದಲ್ಲಿ ನಿಲ್ಲಬೇಕಾಗುತ್ತದೆ.

ನಾವು ಹಾಗೆ ನಿಂತಿದ್ದೆವು. ತಿಳಿಯದೆ ಮಾಡಿದ ತಪ್ಪಿಗಿಂತ, ಬಿಗುಮಾನದಿಂದ ಮಾಡಿದ ತಪ್ಪಿಗೆ ಹೆಚ್ಚು ಬೆಲೆ ತೆತ್ತೆವು. ಅದನ್ನು ಹೇಳಿಕೊಳ್ಳುವುದು ನಮಗೆ ಸುಲಭವಲ್ಲ. ಆದರೂ ಇನ್ನೊಬ್ಬ ಸದಸ್ಯರಿಗೆ ಹಾಗಾಗದಿರಲಿ ಎಂದು ಬರೆಯುತ್ತಿದ್ದೇವೆ.

ಬಿದ್ದ ಬಗೆ

2024ರ ಜುಲೈ ತಿಂಗಳಿನ ಪುನರ್ವಸು ಮಳೆ ಸದಸ್ಯರಿಗೆ ನೆನಪಿರಬಹುದು. ಔಷಧಿ ಹೊಡೆಯಲು ಹೊಳವೇ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೋಡ ಸ್ವಲ್ಪ ಹರಿದಂತಾಯಿತು. ಕೊನೆಗೌಡ ಬಂದಿದ್ದ, ದ್ರಾವಣ ಕದಡಿ ಇಟ್ಟಿತ್ತು. ನಾವು ಅವಸರದಲ್ಲಿ ಬಸಿಗಾಲುವೆಯ ಮೇಲಿನ ಅಡಿಕೆ ದಬ್ಬೆಯ ಸಂಕ ದಾಟಲು ಹೋದೆವು. ಇಪ್ಪತ್ತು ವರ್ಷಗಳಿಂದ ದಿನಕ್ಕೆ ನಾಲ್ಕು ಸಲ ದಾಟುತ್ತಿದ್ದ ಸಂಕ. ಹಾವಸೆ ಕಟ್ಟಿತ್ತು. ಕಾಲು ಜಾರಿ ಕಾಲುವೆಗೆ ಬಿದ್ದಾಗ ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಎಲುಬುಗಳು ಮುರಿದವು. ಕೆಲಸದವರು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದರು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎಲುಬಿನೊಳಗೆ ಲೋಹದ ಸರಳು ಕೂರಿಸಿದರು. ಮೂರು ತಿಂಗಳು ಎರಡು ಊರುಗೋಲು, ಬಲಪಾದವನ್ನು ನೆಲಕ್ಕೆ ಮುಟ್ಟಿಸಬಹುದು, ಭಾರ ಹಾಕಬಾರದು ಎಂದು ವೈದ್ಯರ ಅಪ್ಪಣೆಯಾಯಿತು.

ಹಾಗೆ ಎಂಟು ವಾರ ಕಳೆದಿರಬಹುದು. ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ದೆಹಲಿಯಿಂದ ಅಣ್ಣನ ಮಗ ದೂರವಾಣಿ ಮಾಡಿದ. ನಮ್ಮ ಅಣ್ಣನವರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದು ನಿವೃತ್ತರಾಗಿ ಅಲ್ಲಿಯೇ ನೆಲೆಸಿದ್ದವರು. ತಂದೆಯವರು ತೀರಿಕೊಂಡ ಮೇಲೆ ನಮ್ಮ ಬಿ.ಎಸ್‌ಸಿ. ಓದಿಗೆ ತಿಂಗಳು ತಿಂಗಳು ಮನಿಯಾರ್ಡರ್ ಕಳಿಸಿದವರು ಅವರೇ. ಶ್ವಾಸಕೋಶದ ಕಾಯಿಲೆ ಉಲ್ಬಣಿಸಿ ಆಸ್ಪತ್ರೆಗೆ ಸೇರಿಸಿದ್ದಾರೆ, ನಿಮ್ಮನ್ನು ಕೇಳುತ್ತಿದ್ದಾರೆ, ಬರುವುದಾದರೆ ತಡಮಾಡಬೇಡಿ ಎಂದು ಹುಡುಗ ಹೇಳಿದ.

ಬೇಡ ಎಂದು ಹೋದ ಪ್ರಯಾಣ

ಮೊದಲಾದರೆ ನಮ್ಮ ಕಡೆಯವರಿಗೆ ವಿಮಾನವೆಂದರೆ ಬಜಪೆ, ಇಲ್ಲವೆ ಬೆಂಗಳೂರು. 2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆಯಿಂದ ಪ್ರಯಾಣಿಕ ವಿಮಾನಗಳು ಹೊರಡಲು ತೊಡಗಿದ ಮೇಲೆ ಮಲೆನಾಡಿಗೆ ಅನುಕೂಲವಾಗಿದೆ. ಶಿವಮೊಗ್ಗದಲ್ಲಿರುವ ನಮ್ಮ ಅಕ್ಕನ ಮಗ ಮಾರನೆಯ ದಿನಕ್ಕೇ ಟಿಕೆಟ್ಟು ಮಾಡಿಸಿದ. ಸೋಗಾನೆಯಿಂದ ಬೆಂಗಳೂರಿಗೆ ಒಂದು, ಬೆಂಗಳೂರಿನಿಂದ ದೆಹಲಿಗೆ ಇನ್ನೊಂದು. ಬೇರೆಬೇರೆಯಾಗಿ ಕೊಂಡರೆ ಒಂಬೈನೂರು ರೂಪಾಯಿ ಉಳಿಯುತ್ತದೆ ಎಂದ. ನಾವೂ ಒಪ್ಪಿದೆವು. ‘ಗಾಲಿಕುರ್ಚಿ ಬೇಕೆಂದು ಬರೆಸಲೇ ಮಾವ?’ ಎಂದು ಕೇಳಿದ. ‘ಬೇಡ’ ಎಂದೆವು. ಜೊತೆಗೆ ಯಾರಾದರೂ ಬರಲೇ ಎಂದು ಮನೆಯಲ್ಲಿ ಕೇಳಿದ್ದಕ್ಕೂ ಬೇಡ ಎಂದೆವು.

ಬೇಡ ಎಂದದ್ದೇಕೆ ಎಂಬುದನ್ನು ಮುಚ್ಚಿಡುವುದಿಲ್ಲ. ಸೋಗಾನೆಯಲ್ಲಿ ನಮ್ಮ ಕಡೆಯ ನಾಲ್ಕು ಜನ ಪರಿಚಿತರು ಇದ್ದೇ ಇರುತ್ತಾರೆ. ಸಂಘದ ಕಾರ್ಯದರ್ಶಿಯನ್ನು ಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದರು ಎಂಬ ಮಾತು ಪೇಟೆಯಲ್ಲಿ ಆಗುವುದು ಬೇಡವೆನ್ನಿಸಿತು. ಅಲ್ಲದೆ ಕುರ್ಚಿ ಎಂದರೆ ಕೈಲಾಗದವರಿಗೆ, ನಮಗೆ ಇನ್ನೂ ಎರಡು ತೋಳು ಗಟ್ಟಿಯಾಗಿವೆ ಎಂಬ ಭಾವನೆ.

ಸೋಗಾನೆಯಿಂದ ಬೆಂಗಳೂರಿಗೆ ಹೋದದ್ದು ಎ.ಟಿ.ಆರ್. ಎಂಬ ಸಣ್ಣ ವಿಮಾನ. ಅದಕ್ಕೆ ಹಿಂಬದಿಯ ಬಾಗಿಲು, ಬಾಗಿಲಿಗೇ ಜೋಡಿಸಿದ ಐದಾರು ಮೆಟ್ಟಿಲು. ನಮ್ಮ ಜಗಲಿಯ ಮೆಟ್ಟಿಲಿಗಿಂತ ಹೆಚ್ಚಲ್ಲ ಎಂದು ತೋರಿತು. ಆದರೆ ಕಿರಿದಾದ ಒದ್ದೆ ಮೆಟ್ಟಿಲ ಮೇಲೆ ಎರಡು ಊರುಗೋಲನ್ನು ಊರಲು ಜಾಗವಿಲ್ಲ. ಒಂದನ್ನು ಕೆಳಗಿದ್ದ ಹುಡುಗನ ಕೈಗೆ ಕೊಟ್ಟು, ಕೈಪಿಡಿ ಹಿಡಿದು, ಒಂಟಿಕಾಲಿನಲ್ಲಿ ಕುಪ್ಪಳಿಸಿ ಹತ್ತಿದೆವು. ಹಿಂದೆ ಇಪ್ಪತ್ತು ಜನ ಜಡಿಮಳೆಯಲ್ಲಿ ನಿಂತು ನೋಡುತ್ತಿದ್ದರು. ಕಡೆಯ ಮೆಟ್ಟಿಲಿನಲ್ಲಿ ಬಲಪಾದ ಅರಿವಿಲ್ಲದೆ ಭಾರ ಹೊತ್ತಿತು. ಸೊಂಟದವರೆಗೆ ನೋವು ಹತ್ತಿತು.

ಬೆಂಗಳೂರಿನಲ್ಲಿ ಇಳಿದ ಮೇಲಿನ ಕಥೆ ಇನ್ನೂ ಕಷ್ಟದ್ದು. ಮೆಟ್ಟಿಲಿಳಿದು ಬಸ್ಸು ಹತ್ತಬೇಕು, ಬಸ್ಸಿಳಿದು ಒಳಗೆ ನಡೆಯಬೇಕು. ಟಿಕೆಟ್ಟು ಬೇರೆಬೇರೆಯಾದ್ದರಿಂದ ಪೆಟ್ಟಿಗೆಯನ್ನು ಪಟ್ಟಿಯ ಮೇಲಿಂದ ನಾವೇ ಎತ್ತಿಕೊಂಡು, ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಪೆಟ್ಟಿಗೆಯನ್ನು ಎರಡನೆಯ ಸಲ ಒಪ್ಪಿಸಬೇಕು. ಅಲ್ಲಿಂದ ಭದ್ರತಾ ತಪಾಸಣೆಯ ಸರದಿ. ಊರುಗೋಲುಗಳು ಎಕ್ಸರೆ ಯಂತ್ರದೊಳಗೆ ಹೋದವು, ನಾವು ಜವಾನರೊಬ್ಬರ ಭುಜ ಹಿಡಿದು ಚೌಕಟ್ಟಿನೊಳಗಿಂದ ಹಾದೆವು. ಕಾಲಿನ ಸರಳಿಗೆ ಯಂತ್ರ ಕೂಗಿತು. ಶಸ್ತ್ರಚಿಕಿತ್ಸೆಯ ಕಾಗದ ಎಲ್ಲಿ ಎಂದರು. ಕಾಗದವೂ ಎಕ್ಸರೆಯೂ ಆಗ ತಾನೆ ಒಪ್ಪಿಸಿದ ಪೆಟ್ಟಿಗೆಯಲ್ಲಿದ್ದವು. ಎಲೆಯಡಿಕೆ ಚೀಲದಲ್ಲಿ ಅಡಕತ್ತರಿ ಬೇರೆ ಸಿಕ್ಕಿತು. ಹರಿತವಾದ ವಸ್ತು ಕೈಚೀಲದಲ್ಲಿ ಸಲ್ಲದು ಎಂದು ಅದು ಅಲ್ಲಿಯೇ ಉಳಿಯಿತು. ಇದೆಲ್ಲ ಮುಗಿಸಿ, ಉದ್ದನೆಯ ಹಜಾರದ ತುದಿಯಲ್ಲಿದ್ದ ಗೇಟಿಗೆ ಮೂರು ಕಡೆ ಕುಳಿತು ಎದ್ದು ಮುಟ್ಟುವ ಹೊತ್ತಿಗೆ ಗೇಟು ಮುಚ್ಚಿತ್ತು. ವಿಮಾನ ಇನ್ನೂ ಗಾಜಿನಾಚೆ ಕಾಣುತ್ತಿತ್ತು.

ಗೇಟಿನಲ್ಲಿದ್ದ ಹುಡುಗಿ ಒರಟಾಗಿ ಏನೂ ಹೇಳಲಿಲ್ಲ. ನಮ್ಮ ಕಾಲನ್ನು ನೋಡಿ, ‘ಸಾರ್, ನೀವು ಮೊದಲೇ ಹೇಳಿದ್ದರೆ ನಾವೇ ಕರೆದುಕೊಂಡು ಬರುತ್ತಿದ್ದೆವಲ್ಲ’ ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನ ಸಂಜೆಯ ವಿಮಾನಗಳಲ್ಲಿ ಸೀಟು ಸಿಗಲಿಲ್ಲ. ಹೊಸದಾಗಿ ಹಣ ಕೊಟ್ಟು ಮಾರನೆಯ ಬೆಳಗಿನ ವಿಮಾನಕ್ಕೆ ಟಿಕೆಟ್ಟು ಮಾಡಿಸಿ, ರಾತ್ರಿಯೆಲ್ಲ ಊದಿದ ಕಾಲನ್ನು ಚೀಲದ ಮೇಲಿಟ್ಟುಕೊಂಡು ನಿಲ್ದಾಣದ ಕುರ್ಚಿಯಲ್ಲಿ ಕಳೆದೆವು.

ದೆಹಲಿ ಮುಟ್ಟಿದಾಗ ಅಣ್ಣನವರಿಗೆ ಉಸಿರಾಟದ ಯಂತ್ರ ಹಾಕಿದ್ದರು. ಹಿಂದಿನ ರಾತ್ರಿ ಎಂಟು ಗಂಟೆಯವರೆಗೂ ಎಚ್ಚರವಾಗಿದ್ದರಂತೆ. ‘ಬಂದನೇ?’ ಎಂದು ಎರಡು ಸಲ ಕೇಳಿದರಂತೆ. ನಾವು ಕೈ ಹಿಡಿದುಕೊಂಡೆವು. ಅವರಿಗೆ ತಿಳಿಯಿತೋ ಇಲ್ಲವೋ ಹೇಳಲಾರೆವು. ನಾಲ್ಕನೆಯ ದಿನ ತೀರಿಕೊಂಡರು.

ನಿಯಮ ಏನು ಹೇಳುತ್ತದೆ

ಕ್ರಿಯಾಕರ್ಮಗಳ ದಿನಗಳಲ್ಲಿ ಅಣ್ಣನ ಮಗನೊಡನೆ ಕುಳಿತು ವಿಮಾನಯಾನದ ನಿಯಮಗಳನ್ನು ಓದಿದೆವು. ಸಂಘದ ಉಪವಿಧಿಗಳನ್ನು ಮೂವತ್ತು ವರ್ಷ ಓದಿದ ನಮಗೆ, ಪ್ರಯಾಣಕ್ಕೆ ಮೊದಲು ಇದನ್ನು ಓದಬೇಕೆಂದು ತೋಚಿರಲಿಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ., ಅಂಗವಿಕಲರ ಮತ್ತು ಚಲನೆ ಕುಂಠಿತರಾದವರ ಪ್ರಯಾಣಕ್ಕೆಂದೇ ಪ್ರತ್ಯೇಕ ನಿಯಮಾವಳಿ ಮಾಡಿದೆ. ಚಲನೆ ಕುಂಠಿತರು ಎಂದರೆ ಹುಟ್ಟಿನಿಂದ ಅಂಗವಿಕಲರಾದವರು ಮಾತ್ರ ಅಲ್ಲ. ವಯಸ್ಸಿನಿಂದಾಗಲಿ, ಕಾಯಿಲೆಯಿಂದಾಗಲಿ, ನಮ್ಮಂತೆ ತಾತ್ಕಾಲಿಕ ಗಾಯದಿಂದಾಗಲಿ ನಡೆಯಲು ತೊಂದರೆ ಇರುವವರೆಲ್ಲರೂ ಅದರೊಳಗೆ ಬರುತ್ತಾರೆ. ನಿಲ್ದಾಣದ ಬಾಗಿಲಿನಿಂದ ವಿಮಾನದ ಸೀಟಿನವರೆಗೆ, ಇಳಿದ ಮೇಲೆ ಸೀಟಿನಿಂದ ಹೊರಬಾಗಿಲಿನವರೆಗೆ ಇಂಥವರಿಗೆ ನೆರವು ನೀಡಬೇಕು. ಅದಕ್ಕೆ ಹೆಚ್ಚಿನ ಹಣ ತೆಗೆದುಕೊಳ್ಳುವಂತಿಲ್ಲ. ಊರುಗೋಲು, ಗಾಲಿಕುರ್ಚಿ, ಕಾಲಿನ ಪಟ್ಟಿ ಮುಂತಾದ ಸಾಧನಗಳನ್ನು ಉಚಿತವಾಗಿ ಸಾಗಿಸಬೇಕು. ಪ್ರಯಾಣಿಕರು ತಮ್ಮ ಅಗತ್ಯವನ್ನು ಹೊರಡುವುದಕ್ಕೆ 48 ಗಂಟೆ ಮೊದಲು ತಿಳಿಸಬೇಕು. ನಮ್ಮ ಪ್ರಯಾಣದಂತೆ ದಿಢೀರನೆ ಹೊರಡಬೇಕಾಗಿ ಬಂದರೆ ಕೌಂಟರಿನಲ್ಲಿ ಕೇಳಬಹುದು. ಕುರ್ಚಿ ಬರುವುದು ತಡವಾಗಬಹುದು, ಆದರೆ ಕೇಳದಿದ್ದರೆ ಬರುವುದೇ ಇಲ್ಲ.

ಈ ನಿಯಮಗಳು ಸುಮ್ಮನೆ ಬಂದವಲ್ಲ. 2012ರ ಫೆಬ್ರವರಿ 19ರಂದು ಕೋಲ್ಕತ್ತದಿಂದ ಗೋವಾದ ಸಮ್ಮೇಳನವೊಂದಕ್ಕೆ ಹೊರಟಿದ್ದ ಜೀಜಾ ಘೋಷ್ ಎಂಬ ಮಹಿಳೆಯನ್ನು, ಮಿದುಳಿನ ಪಾರ್ಶ್ವವಾಯುವಿನ ಕಾರಣಕ್ಕೆ, ಸೀಟಿನಲ್ಲಿ ಕುಳಿತ ಮೇಲೆ ವಿಮಾನದಿಂದ ಇಳಿಸಿದರು. ಆಕೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2016ರ ಮೇ 12ರಂದು ತೀರ್ಪು ಬಂದು, ಕಂಪೆನಿಯು 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕಾಯಿತು. ಇಂಥ ಪ್ರಯಾಣಿಕರಿಗೆ ದಯೆಯಲ್ಲ, ಘನತೆ ಸಲ್ಲಬೇಕು ಎಂಬುದು ಆ ತೀರ್ಪಿನ ಸಾರ. 2022ರ ಮೇ ತಿಂಗಳಲ್ಲಿ ರಾಂಚಿಯಲ್ಲಿ ವಿಶೇಷ ಚೇತನ ಬಾಲಕನೊಬ್ಬನನ್ನು ಹತ್ತಿಸಿಕೊಳ್ಳಲು ನಿರಾಕರಿಸಿದ ಕಂಪೆನಿಗೆ ಡಿ.ಜಿ.ಸಿ.ಎ. 5 ಲಕ್ಷ ರೂಪಾಯಿ ದಂಡ ಹಾಕಿತು. ಅದೇ ವರ್ಷದ ಜುಲೈನಲ್ಲಿ ನಿಯಮವನ್ನು ಬಿಗಿಗೊಳಿಸಿತು. ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ. ಪ್ರಯಾಣದಲ್ಲಿ ಆರೋಗ್ಯ ಕೆಡಬಹುದೆಂಬ ಸಂಶಯವಿದ್ದರೆ ವೈದ್ಯರು ಪ್ರಯಾಣಿಕರನ್ನು ಖುದ್ದು ನೋಡಿ ಅಭಿಪ್ರಾಯ ಕೊಡಬೇಕು. ಮತ್ತೊಬ್ಬರು ನ್ಯಾಯಾಲಯಕ್ಕೆ ಅಲೆದು ಗಳಿಸಿಕೊಟ್ಟ ಹಕ್ಕನ್ನು ನಾವು ನಾಚಿಕೆಯಿಂದ ಬಳಸದೆ ಬಿಟ್ಟಿದ್ದೆವು.

ಕುರ್ಚಿಯಲ್ಲಿ ಮೂರು ಬಗೆ

ಬರೀ ‘ಗಾಲಿಕುರ್ಚಿ ಬೇಕು’ ಎಂದರೆ ಸಾಲದು. ವಿಮಾನ ಕಂಪೆನಿಗಳು ಈ ಕೋರಿಕೆಯನ್ನು ಮೂರು ಬಗೆಯಾಗಿ ಬರೆದುಕೊಳ್ಳುತ್ತವೆ. ಇದು ಲೋಕದಾದ್ಯಂತ ಒಂದೇ ರೀತಿ.

ಮೊದಲನೆಯದು ಡಬ್ಲ್ಯು.ಸಿ.ಎಚ್.ಆರ್. ಇವರು ದೂರ ನಡೆಯಲಾರರು, ಆದರೆ ಮೆಟ್ಟಿಲು ಹತ್ತಬಲ್ಲರು, ಒಳಗೆ ಸೀಟಿನವರೆಗೆ ಹೋಗಬಲ್ಲರು. ಎರಡನೆಯದು ಡಬ್ಲ್ಯು.ಸಿ.ಎಚ್.ಎಸ್. ಇವರು ಮೆಟ್ಟಿಲು ಹತ್ತಲಾರರು, ಒಳಗೆ ನಾಲ್ಕು ಹೆಜ್ಜೆ ಹಾಕಬಲ್ಲರು. ಮೂರನೆಯದು ಡಬ್ಲ್ಯು.ಸಿ.ಎಚ್.ಸಿ. ಇವರಿಗೆ ನಡೆಯುವುದು ಅಸಾಧ್ಯ, ಸೀಟಿನವರೆಗೂ ಕರೆದೊಯ್ದು ಕೂರಿಸಬೇಕು. ಅದಕ್ಕೆ ವಿಮಾನದ ಕಿರುದಾರಿಯಲ್ಲಿ ಹೋಗುವ ಇಕ್ಕಟ್ಟಾದ ಬೇರೆ ಕುರ್ಚಿ ಇರುತ್ತದೆ.

ಈ ವ್ಯತ್ಯಾಸ ನಮ್ಮ ಕಡೆಯವರಿಗೆ ಬಹಳ ಮುಖ್ಯ. ದೊಡ್ಡ ನಿಲ್ದಾಣಗಳಲ್ಲಿ ಕಟ್ಟಡದಿಂದ ವಿಮಾನದ ಬಾಗಿಲಿಗೇ ಸೇತುವೆ ಚಾಚುವುದರಿಂದ ಮೆಟ್ಟಿಲಿನ ಪ್ರಶ್ನೆ ಏಳುವುದಿಲ್ಲ. ಎ.ಟಿ.ಆರ್.ನಂಥ ಸಣ್ಣ ವಿಮಾನಕ್ಕೆ ನೆಲದಿಂದಲೇ ಹತ್ತಬೇಕು. ದೊಡ್ಡ ವಿಮಾನವೂ ಒಮ್ಮೊಮ್ಮೆ ದೂರದಲ್ಲಿ ನಿಂತಿದ್ದು ಬಸ್ಸಿನಲ್ಲಿ ಒಯ್ದು ಏಣಿ ಹತ್ತಿಸುತ್ತಾರೆ. ಹೆಚ್ಚಿನ ವಿವರ ಕೇಳದೆ ಗುಮಾಸ್ತರು ಮೊದಲನೆಯ ಬಗೆಯನ್ನೇ ಬರೆದುಕೊಂಡರೆ, ಮೆಟ್ಟಿಲ ಬುಡದವರೆಗೆ ಕುರ್ಚಿ ಬರುತ್ತದೆ, ಮುಂದಿನದು ನಮ್ಮ ಪಾಡು. ಮೆಟ್ಟಿಲು ಹತ್ತಲಾಗದವರು ‘ನಮಗೆ ಎಸ್ ಬಗೆ ಬೇಕು, ಮೆಟ್ಟಿಲು ಹತ್ತಲಾಗದು’ ಎಂದು ಸ್ಪಷ್ಟವಾಗಿ ಹೇಳಿ ಟಿಕೆಟ್ಟಿನಲ್ಲಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಆಗ ಇಳಿಜಾರಿನ ರ್ಯಾಂಪನ್ನೋ, ಕುರ್ಚಿಯ ಸಮೇತ ಮೇಲೆತ್ತುವ ಆಂಬುಲಿಫ್ಟ್ ಎಂಬ ವಾಹನವನ್ನೋ ಸಿದ್ಧಪಡಿಸುತ್ತಾರೆ.

ವೈದ್ಯರ ಮಾತು

ಎತ್ತರದಲ್ಲಿ ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ನೆಲದಲ್ಲಿದ್ದಷ್ಟು ಇರುವುದಿಲ್ಲ. ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಎಂದರೆ ಗಿರಿಯ ತುದಿಯಲ್ಲಿ ಕುಳಿತಂತೆ ಎನ್ನಬಹುದು. ಊರಿನಿಂದ ಒಯ್ದ ಕಾಫಿಪುಡಿಯ ಪೊಟ್ಟಣ ವಿಮಾನದಲ್ಲಿ ಉಬ್ಬಿಕೊಳ್ಳುವುದು ಇದೇ ಕಾರಣದಿಂದ. ಪೊಟ್ಟಣದೊಳಗೆ ಆಗುವುದೇ ಹೊಸ ಪ್ಲಾಸ್ಟರಿನೊಳಗೂ ಆಗಬಹುದು. ಗಾಳಿ ಹಿಗ್ಗುತ್ತದೆ, ಗಾಯದ ಊತವೂ ಸೇರಿ ರಕ್ತ ಓಡಾಡಲು ಎಡೆಯಿಲ್ಲದಂತಾಗಬಹುದು. ಆದ್ದರಿಂದ ಪ್ಲಾಸ್ಟರು ಹಾಕಿ ಒಂದು ದಿನವಾಗುವ ಮೊದಲು ಎರಡು ಗಂಟೆಯೊಳಗಿನ ಹಾರಾಟವೂ ಬೇಡ, ಹೆಚ್ಚು ಹೊತ್ತಿನ ಹಾರಾಟಕ್ಕೆ ಎರಡು ದಿನವಾದರೂ ಕಳೆಯಲಿ ಎನ್ನುತ್ತಾರೆ. ಹೋಗಲೇಬೇಕಾದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ ಸಡಿಲಿಸಿಕೊಡುವಂತೆ ವೈದ್ಯರನ್ನು ಕೇಳಬೇಕು. ಗಾಳಿ ತುಂಬಿಸುವ ಪಟ್ಟಿಯನ್ನು ಕಾಲಿಗೆ ಕಟ್ಟಿಕೊಂಡು ವಿಮಾನ ಹತ್ತಬಾರದು.

ಇನ್ನೊಂದು ಅಪಾಯ ಹೆಪ್ಪುಗಟ್ಟಿದ ರಕ್ತದ್ದು. ಅಲುಗಾಡದ ಕಾಲಿನ ಒಳರಕ್ತನಾಳದಲ್ಲಿ ರಕ್ತ ಗಡ್ಡೆಕಟ್ಟಿ, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಬರಬಹುದು. ನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕುಳಿತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಆರೋಗ್ಯವಂತರಲ್ಲಿ ಇದು ಆರು ಸಾವಿರಕ್ಕೆ ಒಬ್ಬರಂತೆ, ಬಹಳ ಕಡಿಮೆ. ಆದರೆ ಕಾಲಿನ ಮೂಳೆ ಮುರಿದವರಿಗೆ, ಹೊಸದಾಗಿ ಶಸ್ತ್ರಚಿಕಿತ್ಸೆಯಾದವರಿಗೆ ಅಪಾಯ ಮೊದಲೇ ಹೆಚ್ಚಿರುತ್ತದೆ. ಇದು ವಿಮಾನಕ್ಕೆ ಮಾತ್ರವಲ್ಲ, ನಮ್ಮ ರಾತ್ರಿ ಬಸ್ಸಿಗೂ ಕಾರಿಗೂ ಅನ್ವಯಿಸುತ್ತದೆ. ರಕ್ತ ತೆಳುವಾಗಿಸುವ ಔಷಧಿ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ಹೇಳಬೇಕು. ನೆರೆಮನೆಯವರ ಗುಳಿಗೆಯನ್ನು ನುಂಗಬಾರದು. ನೀರು ಕುಡಿಯುವುದು, ಪಾದವನ್ನು ಆಗಾಗ ಮೇಲೆ ಕೆಳಗೆ ಆಡಿಸುವುದು ನಮ್ಮ ಕೈಯಲ್ಲಿದೆ. ಪ್ರಯಾಣದ ನಂತರ ಮೀನಖಂಡದಲ್ಲಿ ನೋವು, ಬಿಸಿ, ಹೊಸ ಊತ ಕಂಡರೆ, ಅದರಲ್ಲೂ ಉಸಿರು ಕಟ್ಟಿದಂತಾದರೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೇಳಿ ಬಂದ ಪ್ರಯಾಣ

ದೆಹಲಿಯಿಂದ ಹಿಂದಿರುಗುವಾಗ ಒಂದೇ ಟಿಕೆಟ್ಟಿನಲ್ಲಿ ಸೋಗಾನೆಯವರೆಗೆ ಮಾಡಿಸಿ, ಮೂರು ದಿನ ಮೊದಲೇ ಕಂಪೆನಿಗೆ ತಿಳಿಸಿದೆವು. ಎಸ್ ಬಗೆ ಎಂದು ಬರೆಸಿದೆವು. ನಿಲ್ದಾಣದ ಬಾಗಿಲಿಗೆ ಕುರ್ಚಿ ಬಂತು. ಮೊದಲ ಐದು ನಿಮಿಷ ತಲೆ ತಗ್ಗಿಸಿಯೇ ಕುಳಿತಿದ್ದೆವು. ಆಮೇಲೆ ನೋಡಿದರೆ ನಮ್ಮನ್ನು ಯಾರೂ ನೋಡುತ್ತಿರಲಿಲ್ಲ. ಪೆಟ್ಟಿಗೆ ದೆಹಲಿಯಲ್ಲಿ ಕೊಟ್ಟದ್ದು ಸೋಗಾನೆಯಲ್ಲಿ ಸಿಗುವ ಏರ್ಪಾಡಾಯಿತು. ತಪಾಸಣೆಯಲ್ಲಿ ಕಾಗದ ಕೈಯಲ್ಲೇ ಇತ್ತು. ಪಟ್ಟಿ ಬಿಚ್ಚಿ ನೋಡಬೇಕಾದರೆ ಮರೆಯಾದ ಕೋಣೆಯಲ್ಲಿ ನೋಡಿ ಎಂದು ಕೇಳಿದೆವು, ಹಾಗೆಯೇ ಮಾಡಿದರು. ವಿಮಾನದ ಬಾಗಿಲಿನವರೆಗೆ ಕುರ್ಚಿ, ಅಲ್ಲಿಂದ ಹತ್ತು ಹೆಜ್ಜೆ ಊರುಗೋಲು. ವಿಮಾನ ಏರುವಾಗ ಇಳಿಯುವಾಗ ಊರುಗೋಲನ್ನು ಪಕ್ಕದಲ್ಲಿಟ್ಟುಕೊಳ್ಳುವಂತಿಲ್ಲ. ಸಿಬ್ಬಂದಿ ಅದನ್ನು ಮೇಲಿನ ಪೆಟ್ಟಿಗೆಯಲ್ಲಿಟ್ಟು ಬೇಕಾದಾಗ ತೆಗೆದುಕೊಡುತ್ತಾರೆ.

ಬೆಂಗಳೂರಿನಲ್ಲಿ ಎಲ್ಲರೂ ಇಳಿದು ಹೋದ ಮೇಲೆ ಸುಮಾರು ಇಪ್ಪತ್ತು ನಿಮಿಷ ಕಾಯಬೇಕಾಯಿತು. ಕುರ್ಚಿಯವರನ್ನು ಕೊನೆಯಲ್ಲಿ ಇಳಿಸುವುದು ಪದ್ಧತಿ. ಕುರ್ಚಿ ತಂದ ಹುಡುಗ ತಿಪಟೂರು ಕಡೆಯವನು. ಮನೆಯಲ್ಲಿ ನಲವತ್ತು ತೆಂಗಿನಮರ ಇವೆ ಎಂದ. ದಾರಿಯುದ್ದಕ್ಕೂ ಕೊಬ್ಬರಿಯ ಧಾರಣೆ, ಕಪ್ಪುತಲೆ ಹುಳುವಿನ ಕಾಟ ಇದೇ ಮಾತು. ಹೋಗುವಾಗ ಕುರ್ಚಿ ಬೇಡವೆಂದಿದ್ದ ನಮ್ಮ ಕಥೆ ಕೇಳಿ ನಕ್ಕು, ‘ಊರಿನ ಕಡೆಯಿಂದ ಬಂದವರೇ ಸಾರ್ ಬೇಡ ಅನ್ನೋದು. ಅರ್ಧ ದಾರಿಯಲ್ಲಿ ಗೋಡೆ ಹಿಡಿದು ನಿಂತಿರ್ತಾರೆ, ಆಗ ನಾವೇ ಹೋಗಿ ಕೂರಿಸ್ತೀವಿ. ಚೆನ್ನಾಗಿ ನಡೆಯೋರು ಕೆಲವರು ಸರದಿ ತಪ್ಪಿಸೋಕೆ ಕುರ್ಚಿ ಕೇಳ್ತಾರೆ’ ಎಂದ. ಹಣ ಕೇಳಲಿಲ್ಲ, ಕೇಳುವಂತೆಯೂ ಇಲ್ಲ. ಸಣ್ಣ ವಿಮಾನಕ್ಕೆ ಮೆಟ್ಟಿಲಿನ ಬದಲು ರ್ಯಾಂಪ್ ತಂದು ಹಚ್ಚಿದ್ದರು. ಹೋಗುವಾಗ ಒಂಟಿಕಾಲಿನಲ್ಲಿ ಕುಪ್ಪಳಿಸಿ ಹತ್ತಿದ್ದಂಥ ಬಾಗಿಲಿಗೆ ಈಗ ಕುಳಿತೇ ಹೋದೆವು.

ಸದಸ್ಯರ ಗಮನಕ್ಕೆ

1. ಸಾಧ್ಯವಾದಷ್ಟೂ ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ಟು ಮಾಡಿಸಿ. ನಡುವೆ ವಿಮಾನ ಬದಲಿಸಬೇಕಾದರೆ ಕನಿಷ್ಠ ಎರಡು-ಮೂರು ಗಂಟೆಯ ಬಿಡುವಿರಲಿ. ಕುರ್ಚಿಯವರು ಕೊನೆಯಲ್ಲಿ ಇಳಿಯುತ್ತಾರೆಂಬುದು ನೆನಪಿರಲಿ.

2. 48 ಗಂಟೆ ಮೊದಲು ಕಂಪೆನಿಗೆ ತಿಳಿಸಿ, ಮೂರರಲ್ಲಿ ಯಾವ ಬಗೆ ಎಂದು ಬರೆಸಿ. ನಿಲ್ದಾಣಕ್ಕೆ ಇತರರಿಗಿಂತ ಒಂದು ಗಂಟೆ ಮೊದಲೇ ಹೋಗಿ.

3. ಹೊಸ ಗಾಯ, ಹೊಸ ಶಸ್ತ್ರಚಿಕಿತ್ಸೆ ಇದ್ದವರಿಂದ ವೈದ್ಯರ ಪತ್ರ ಕೇಳುವುದುಂಟು. ಆ ಪತ್ರ, ಲೋಹ ಕೂರಿಸಿದ ಬಗ್ಗೆ ಕಾಗದ, ಔಷಧಿ ಇವು ಕೈಚೀಲದಲ್ಲೇ ಇರಲಿ. ಅಡಕತ್ತರಿ, ಚಾಕು ದೊಡ್ಡ ಪೆಟ್ಟಿಗೆಯಲ್ಲಿರಲಿ.

4. ಸೀಟು ದಾರಿಯ ಪಕ್ಕದ್ದಾಗಲಿ. ಬಲಗಾಲು ನೊಂದವರಿಗೆ ವಿಮಾನದ ಎಡಸಾಲಿನಲ್ಲಿ, ಎಡಗಾಲು ನೊಂದವರಿಗೆ ಬಲಸಾಲಿನಲ್ಲಿ ಕಾಲು ಚಾಚಲು ಅನುಕೂಲ. ತಳ್ಳುಗಾಡಿ ಬರುವಾಗ ಎಚ್ಚರ. ತುರ್ತು ಬಾಗಿಲ ಬಳಿಯ ಅಗಲವಾದ ಸೀಟನ್ನು ಊರುಗೋಲಿನವರಿಗೆ ಕೊಡುವುದಿಲ್ಲ. ತೊಡೆಯಿಂದ ಪಾದದವರೆಗೆ ಪ್ಲಾಸ್ಟರಾಗಿ ಮೊಣಕಾಲು ಮಡಿಸಲಾಗದವರು ಕಂಪೆನಿಯೊಡನೆ ಮೊದಲೇ ಮಾತಾಡಬೇಕು. ಒಂದಕ್ಕಿಂತ ಹೆಚ್ಚು ಸೀಟು ಬೇಕಾಗಬಹುದು.

5. ಸ್ವಂತ ಗಾಲಿಕುರ್ಚಿ ಇರುವವರು ಅದನ್ನು ವಿಮಾನದ ಬಾಗಿಲಲ್ಲಿ ಒಪ್ಪಿಸಿ ಚೀಟಿ ಪಡೆಯಲು ಕೇಳಿ. ಬ್ಯಾಟರಿಯದಾದರೆ ಬ್ಯಾಟರಿಯ ವಿವರವನ್ನು ಟಿಕೆಟ್ಟಿನ ಸಮಯದಲ್ಲೇ ತಿಳಿಸಿ. ಮುರಿದು ಬಂದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ ರಸೀದಿ ತೆಗೆದುಕೊಳ್ಳಿ.

6. ನಡೆಯಬಲ್ಲವರು ಕುರ್ಚಿ ಕೇಳಬೇಡಿ. ನೀವು ಕುಳಿತ ಕುರ್ಚಿಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ.

ಕೊನೆಯದಾಗಿ ಒಂದು ಮಾತು. ಸಂಘದ ಕಚೇರಿಯ ಕಿಟಕಿಯ ಬಳಿ ನಾವು ಮೂವತ್ತು ವರ್ಷಗಳಿಂದ ಕುಳಿತಿದ್ದೇವೆ. ತಮ್ಮದೇ ಷೇರಿನ ಡಿವಿಡೆಂಡನ್ನು ಕೇಳಲು ಬಂದ ಸದಸ್ಯರು, ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ‘ಏನಾದರೂ ಬರುವುದಿದೆಯೇನೋ, ಇಲ್ಲದಿದ್ದರೆ ಬೇಡ’ ಎಂದು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇವೆ. ಇದು ನಿಮ್ಮದೇ ಹಣ, ಗಟ್ಟಿಯಾಗಿ ಕೇಳಿ ಎಂದು ಅವರಿಗೆ ಬುದ್ಧಿ ಹೇಳುತ್ತಿದ್ದವರು ನಾವೇ. ನಮ್ಮ ಸರದಿ ಬಂದಾಗ ನಾವೂ ಹಾಗೆಯೇ ಮಾಡಿದೆವು. ಒಂದು ಮಾತು ಕೇಳಿದ್ದರೆ ಅಂದು ಸಂಜೆ ಅಣ್ಣನವರ ಹಾಸಿಗೆಯ ಬಳಿ ಇರುತ್ತಿದ್ದೆವು.

ಈಗ ನಮ್ಮ ಕಾಲು ಕೂಡಿದೆ. ತೋಟದ ಸಂಕಕ್ಕೆ ಕಾಂಕ್ರೀಟಿನ ಹಲಗೆ ಹಾಸಿ ಒಂದು ಬದಿಗೆ ಕೈಪಿಡಿ ಕಟ್ಟಿಸಿದ್ದೇವೆ. ಸದಸ್ಯರೂ ಮಳೆಗಾಲಕ್ಕೆ ಮೊದಲು ತಮ್ಮ ತಮ್ಮ ಸಂಕಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ಎರಡು ಊರುಗೋಲುಗಳನ್ನು ಸಂಘದ ಕಚೇರಿಯಲ್ಲಿ ಇರಿಸಿದೆ. ಅಗತ್ಯವುಳ್ಳ ಸದಸ್ಯರು ಅಥವಾ ಅವರ ಮನೆಯವರು ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು. ಠೇವಣಿ ಇಲ್ಲ. ವಿಮಾನಕ್ಕೆ ಹೋಗಬೇಕಾದವರು ಬಂದರೆ ಗಾಲಿಕುರ್ಚಿಯ ಕೋರಿಕೆಯನ್ನು ಕಚೇರಿಯ ದೂರವಾಣಿಯಿಂದಲೇ ನಾವು ಬರೆಸಿಕೊಡುತ್ತೇವೆ.

— ಕಾರ್ಯದರ್ಶಿ